ಸಿನಿಮಾಕ್ಕೆ ಹೋದ ಸುತ್ತುದಾರಿಗಳು

(ಬಸ್ರೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸಿನಿಮಾ ಮಾಡುವವರು, ಸಿನಿಮಾವನ್ನು ಅಭ್ಯಾಸ ಮಾಡಿ ಬರೆಯುವವರು ಎಲ್ಲಿಂದ ಬರುತ್ತಾರೆ, ಯಾವ ದಾರಿಯಲ್ಲಿ ಬರುತ್ತಾರೆ ಎಂಬುದು ಇಂದಿನ ವಿಷಯ. ಬಸ್ರೂರಿನಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಉತ್ತರಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ಮರವಂತೆಯಲ್ಲಿ ಸೌಪರ್ಣಿಕಾ ನದಿ ದಾಟಿದರೆ ಪಡುಕೋಣೆ. ಗುರುದತ್ತ್ ಅವರ ಮನೆತನದ ಹೆಸರು ಆ ಊರಿನದು. ಬ್ರಹ್ಮಾವರ ಸೀಮೆಯಲ್ಲಿ ಬೆನಗಲ್ ಇದೆ; ಶ್ಯಾಮ್ ಬೆನಗಲ್ ಅವರ ಮನೆತನದ ಹೆಸರು ಅಲ್ಲಿಯದು. ಕೋಟ ಶಿವರಾಮ ಕಾರಂತರ ಊರು. ಕೋಟೇಶ್ವರ ಕಾಶೀನಾಥರದು. ಕೆರಾಡಿ ರಿಷಬ್ ಶೆಟ್ಟಿಯವರದು. ಈ ಬಸ್ರೂರಿನ ಹೆಸರನ್ನಂತೂ ಇವತ್ತು ಸಿನಿಮಾ ನೋಡುವ ದೇಶವೆಲ್ಲ ರವಿ ಬಸ್ರೂರರ ಸಂಗೀತದ ಜೊತೆಗೆ ಉಚ್ಚರಿಸುತ್ತಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಪುಟ್ಟ ಸೀಮೆಗೆ ಇಷ್ಟು ಹೆಸರು ಸೇರಿಕೊಂಡಿರುವುದು ಸಣ್ಣ ಸಂಗತಿಯಲ್ಲ.

ಇವರಲ್ಲಿ ಯಾರೂ ನೇರ ದಾರಿಯಲ್ಲಿ ಬಂದವರಲ್ಲ. ಒಬ್ಬರು ಟೆಲಿಫೋನ್ ಆಪರೇಟರ್ ಆಗಿದ್ದರು, ಒಬ್ಬರು ಜಾಹೀರಾತು ಬರೆಯುತ್ತಿದ್ದರು, ಒಬ್ಬರು ನೀರಿನ ಕ್ಯಾನ್ ಮಾರಿದರು, ಒಬ್ಬರು ಕುಲುಮೆಯ ಮನೆಯಿಂದ ಬಂದರು. ಇದನ್ನು ನಾವು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳಿ ಚಪ್ಪಾಳೆ ತಟ್ಟುತ್ತೇವೆ. ಛಲ ಇತ್ತು, ನಿಜ. ಆದರೆ ಛಲವಿದ್ದೂ ಅರ್ಧದಲ್ಲೇ ನಿಂತುಹೋದವರು ಪ್ರತಿ ಊರಿನಲ್ಲಿ ಇದ್ದಾರೆ. ಮುಂದೆ ಹೋದವರ ಬದುಕನ್ನು ಹತ್ತಿರದಿಂದ ನೋಡಿದಾಗ ಒಂದು ವಿಷಯ ಮತ್ತೆ ಮತ್ತೆ ಸಿಗುತ್ತದೆ: ಬದುಕಿನ ಇಕ್ಕಟ್ಟಿನ ತಿರುವಿನಲ್ಲಿ ಯಾರೋ ಒಬ್ಬರು ಅವರಿಗೆ ಹಣವನ್ನೋ, ಜಾಗವನ್ನೋ, ಒಂದಿಷ್ಟು ಬಿಡುವನ್ನೋ ಕೊಟ್ಟಿದ್ದಾರೆ, ಪ್ರತಿಫಲ ಕೇಳದೆ ಕೊಟ್ಟಿದ್ದಾರೆ. ದತ್ತಿ ಉಪನ್ಯಾಸದಲ್ಲಿ ಈ ಮಾತನ್ನೇ ಹೇಳಬೇಕೆಂದು ನನಗನ್ನಿಸಿತು.

ಗುರುದತ್ತರಿಂದ ಶುರು ಮಾಡುತ್ತೇನೆ. ಹುಟ್ಟಿದ್ದು 1925ರ ಜುಲೈ 9ರಂದು ಬೆಂಗಳೂರಿನಲ್ಲಿ. ಬೆಳೆದದ್ದು ಕಲ್ಕತ್ತೆಯ ಭವಾನಿಪುರದಲ್ಲಿ. ಸಂಜೆ ಅಜ್ಜಿ ದೀಪ ಹಚ್ಚಿದರೆ ಈ ಹುಡುಗ ಬೆರಳುಗಳಿಂದ ಗೋಡೆಯ ಮೇಲೆ ನೆರಳಿನ ಆಟ ಆಡುತ್ತಿದ್ದನೆಂದು ಮನೆಯವರು ನೆನೆದಿದ್ದಾರೆ. ಕಾಲೇಜಿಗೆ ಕಳಿಸಲು ಮನೆಯಲ್ಲಿ ಅನುಕೂಲವಿರಲಿಲ್ಲ. ಆಗ ದಾರಿ ತೆರೆದದ್ದು ನೃತ್ಯ. ಹಿಮಾಲಯದ ತಪ್ಪಲಿನ ಅಲ್ಮೋರದಲ್ಲಿ ಉದಯಶಂಕರರು ನಡೆಸುತ್ತಿದ್ದ ಕೇಂದ್ರಕ್ಕೆ ಅವರು ವಿದ್ಯಾರ್ಥಿವೇತನದ ಮೇಲೆ ಸೇರಿದರು. 1944ರಲ್ಲಿ ಆ ಕೇಂದ್ರ ಮುಚ್ಚಿತು. ಕಲ್ಕತ್ತೆಯ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸವನ್ನೂ ಸ್ವಲ್ಪ ಕಾಲ ಮಾಡಿ ಬಿಟ್ಟರು. ಆಮೇಲೆ ಅವರನ್ನು ಪುಣೆಯ ಪ್ರಭಾತ್ ಫಿಲ್ಮ್ ಕಂಪೆನಿಗೆ ಕರೆದುಕೊಂಡು ಹೋಗಿ ಮೂರು ವರ್ಷದ ಕರಾರಿನ ಮೇಲೆ ಸೇರಿಸಿದವರು ಸಂಬಂಧದಲ್ಲಿ ಮಾವನಾದ ಬಿ. ಬಿ. ಬೆನಗಲ್. ಅವರು ಕಲ್ಕತ್ತೆಯಲ್ಲಿ ಸಿನಿಮಾ ಪೋಸ್ಟರ್ ಬರೆಯುತ್ತಿದ್ದ ಚಿತ್ರಕಾರರು. ಪಡುಕೋಣೆಯ ಹುಡುಗನ ಕೈ ಹಿಡಿದದ್ದು ಬೆನಗಲ್ಲಿನ ಮಾವ.

ಪ್ರಭಾತ್‌ನಲ್ಲಿ ನೃತ್ಯ ನಿರ್ದೇಶನ, ಸಹಾಯಕ ನಿರ್ದೇಶನ, ಸಣ್ಣ ಪಾತ್ರ, ಹೀಗೆ ಸಿಕ್ಕಿದ್ದನ್ನೆಲ್ಲ ಮಾಡಿದರು. ದೇವಾನಂದ್ ಅವರ ಸ್ನೇಹವೂ ಅಲ್ಲೇ ಬೆಳೆಯಿತು. 1947ರಲ್ಲಿ ಕರಾರು ಮುಗಿದು ತಿಂಗಳುಗಟ್ಟಲೆ ಕೆಲಸವಿಲ್ಲದೆ ಮನೆಯಲ್ಲಿ ಕೂತರು. ಆ ದಿನಗಳಲ್ಲಿ ಬರೆದಿಟ್ಟ ಕಥೆ ಹತ್ತು ವರ್ಷದ ಮೇಲೆ, 1957ರಲ್ಲಿ, 'ಪ್ಯಾಸಾ' ಆಯಿತು. ಈ ವಿವರದ ಬಳಿ ಸ್ವಲ್ಪ ನಿಲ್ಲಬೇಕು. ಮನೆಯ ಮಗ ಸಂಪಾದನೆ ಇಲ್ಲದೆ ಕೂತಿದ್ದಾನೆ ಎಂದರೆ ನಮ್ಮಲ್ಲಿ ನೆಂಟರಿಷ್ಟರ ಮಾತು ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಆ ತಿಂಗಳುಗಳಲ್ಲಿ ಅವರಿಗೆ ತಾಯಿ ವಸಂತಿ ಪಡುಕೋಣೆಯವರ ಮನೆ ಇತ್ತು. ಆ ಸೂರು ಇಲ್ಲದಿದ್ದರೆ ಯಾವುದಾದರೂ ಗುಮಾಸ್ತೆ ಕೆಲಸ ಹಿಡಿಯುತ್ತಿದ್ದರು. ಭಾರತೀಯ ಚಿತ್ರರಂಗಕ್ಕೆ ಅಂಥ ಚಿತ್ರ ಸಿಗುತ್ತಿತ್ತೋ ಇಲ್ಲವೋ.

1951ರ 'ಬಾಝಿ'ಯಲ್ಲಿ ನಿರ್ದೇಶಕರಾದರು. ಅದೇ ಚಿತ್ರದಲ್ಲಿ ಸಹಾಯಕ ಛಾಯಾಗ್ರಾಹಕರಾಗಿದ್ದ ಮೈಸೂರಿನ ವಿ. ಕೆ. ಮೂರ್ತಿಯವರ ಕೈಚಳಕ ಕಂಡು, ತಮ್ಮ ಮುಂದಿನ ಚಿತ್ರಗಳಿಗೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಮೂರ್ತಿಯವರದೂ ಇಂಥದೇ ದಾರಿ: ಪಿಟೀಲು ನುಡಿಸುತ್ತಿದ್ದವರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಸ್ಟುಡಿಯೋದ ಕತ್ತಲನ್ನು ಸೀಳಿಕೊಂಡು ಮೇಲಿನಿಂದ ಇಳಿಯುವ ಬೆಳಕಿನ ಕೋಲು ನೀವು ನೋಡಿರುತ್ತೀರಿ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಮೂರ್ತಿಯವರು ಅದನ್ನು ಸಾಧಿಸಿದ್ದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ಅದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಗುರುದತ್ತ್ ಮತ್ತೆ ನಿರ್ದೇಶಕನೆಂದು ಯಾವ ಚಿತ್ರಕ್ಕೂ ಹೆಸರು ಹಾಕಲಿಲ್ಲ. 1964ರಲ್ಲಿ, 39ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹಾಡುಗಳ ದೃಶ್ಯಗಳಲ್ಲಿ ಕ್ಯಾಮೆರಾ ನಟರ ಸುತ್ತ ಚಲಿಸುವ ಲಯವನ್ನು ಗಮನಿಸಿದರೆ ಅಲ್ಮೋರದ ನೃತ್ಯಪಾಠ ವ್ಯರ್ಥವಾಗಲಿಲ್ಲ ಎಂದು ತಿಳಿಯುತ್ತದೆ. ಅಡ್ಡ ಬಂದಂತೆ ಕಂಡ ವಿದ್ಯೆಯೇ ಅವರ ಸ್ವಂತ ಶೈಲಿಗೆ ಬುನಾದಿಯಾಯಿತು.

ಶ್ಯಾಮ್ ಬೆನಗಲ್ ಗುರುದತ್ತರಿಗೆ ಸಂಬಂಧಿ. ಗುರುದತ್ತರ ತಾಯಿಯ ತಾಯಿ, ಶ್ಯಾಮ್ ಅವರ ತಂದೆಯ ತಾಯಿ ಅಕ್ಕತಂಗಿಯರು. ಸಿಕಂದರಾಬಾದಿನ ತಿರುಮಲಗಿರಿಯಲ್ಲಿ 1934ರಲ್ಲಿ ಹುಟ್ಟಿದ ಶ್ಯಾಮ್, ಛಾಯಾಗ್ರಾಹಕರಾದ ತಂದೆಯ ಕ್ಯಾಮೆರಾದಲ್ಲಿ 12ನೆಯ ವಯಸ್ಸಿಗೇ ಒಂದು ಚಿತ್ರ ತೆಗೆದರು. ಓದಿದ್ದು ಅರ್ಥಶಾಸ್ತ್ರ. ಮುಂಬಯಿಗೆ ಬಂದಾಗ ಅವರ ಬಂಧು ಹೆಸರಾಂತ ನಿರ್ದೇಶಕ. ಆದರೂ ಅವರು ಹಿಡಿದ ದಾರಿ ಜಾಹೀರಾತಿನದು. ನೂರಾರು ಜಾಹೀರಾತು ಚಿತ್ರ ಮಾಡಿದರು. ಸೋಪು, ಬಿಸ್ಕತ್ತುಗಳನ್ನು ಒಂದೆರಡು ನಿಮಿಷದಲ್ಲಿ ಜನರಿಗೆ ಮುಟ್ಟಿಸುವ ಆ ಕೆಲಸ ಅವರಿಗೆ ಮಿತವ್ಯಯವನ್ನು ಕಲಿಸಿತು. 'ಅಂಕುರ್' ಕಥೆಯನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಅಲೆದರೂ ನಿರ್ಮಾಪಕರು ಸಿಗಲಿಲ್ಲ. ಕೊನೆಗೆ ಹಣ ಹಾಕಿದ್ದು ಜಾಹೀರಾತು ಚಿತ್ರಗಳನ್ನು ಹಂಚುತ್ತಿದ್ದ ಬ್ಲೇಜ್ ಸಂಸ್ಥೆ. ಚಿತ್ರ ಬಂದದ್ದು 1974ರಲ್ಲಿ, ಅವರಿಗೆ 40 ವರ್ಷವಾದಾಗ.

ಅದಕ್ಕೆ ಮೊದಲು, 1970ರಿಂದ 1972ರವರೆಗೆ, ಅವರಿಗೆ ಹೋಮಿ ಭಾಭಾ ಫೆಲೋಶಿಪ್ ಸಿಕ್ಕಿತ್ತು. ಅದರಿಂದಾಗಿ ನ್ಯೂಯಾರ್ಕಿನಲ್ಲಿ ಮಕ್ಕಳ ಟೆಲಿವಿಷನ್ ಕಾರ್ಯಕ್ರಮ ಮಾಡುವವರ ಜೊತೆ ಕೆಲಸ ಕಲಿತರು. ಅದೇ ಅವಧಿಯಲ್ಲಿ ಅದೇ ಫೆಲೋಶಿಪ್ ಪಡೆದ ಇನ್ನೊಬ್ಬರು ಗಿರೀಶ ಕಾರ್ನಾಡರು. ಆಕ್ಸ್‌ಫರ್ಡ್‌ನಿಂದ ಮರಳಿ ಮದರಾಸಿನಲ್ಲಿ ಪುಸ್ತಕ ಪ್ರಕಾಶನ ಸಂಸ್ಥೆಯ ನೌಕರಿಯಲ್ಲಿದ್ದ ಕಾರ್ನಾಡರು ಆ ಕೆಲಸ ಬಿಟ್ಟು ಪೂರ್ತಿಯಾಗಿ ನಾಟಕ, ಸಿನಿಮಾಕ್ಕೆ ಬಂದದ್ದು ಆ ಹೊತ್ತಿನಲ್ಲೇ. ಒಂದು ದತ್ತಿನಿಧಿ ಎರಡು ವರ್ಷಗಳಲ್ಲಿ ಇಂಥ ಇಬ್ಬರಿಗೆ ಬಿಡುವು ಕೊಟ್ಟಿತು. ನಮ್ಮ ದೇಶದಲ್ಲಿ ಕಲೆಗಾಗಿ ಖರ್ಚಾದ ಹಣದಲ್ಲಿ ಇಷ್ಟು ಸಾರ್ಥಕವಾದದ್ದು ಬಹಳ ಇಲ್ಲ.

ದೊಡ್ಡ ನಿಧಿಯೇ ಬೇಕೆಂದಿಲ್ಲ. 1976ರ 'ಮಂಥನ್' ಚಿತ್ರಕ್ಕೆ ಗುಜರಾತಿನ ಹಾಲು ಉತ್ಪಾದಕ ಸಹಕಾರ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಕೊಟ್ಟರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿದವರ ಲೆಕ್ಕದಿಂದ ಬಂದ ಹಣ ಅದು. ಬಳಿಕ ಅವರೇ ಊರೂರಿನಿಂದ ಬಂದು ತಮ್ಮ ಚಿತ್ರವನ್ನು ನೋಡಿದರು. 2024ರಲ್ಲಿ ಆ ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿ ಕಾನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದೇ ವರ್ಷ ಡಿಸೆಂಬರ್ 23ರಂದು ಬೆನಗಲ್ ತೀರಿಕೊಂಡರು. ಡೇರಿ ಸೊಸೈಟಿಗಳು ಊರೂರಿನಲ್ಲಿರುವ, ಬ್ಯಾಂಕುಗಳನ್ನೇ ಹುಟ್ಟುಹಾಕಿದ ನಮ್ಮ ಜಿಲ್ಲೆಗೆ ಈ ಲೆಕ್ಕ ಅರ್ಥವಾಗದ್ದಲ್ಲ.

ಈ ಬಂಧು ಬಳಗದಲ್ಲಿ ಇನ್ನಿಬ್ಬರನ್ನು ನೆನೆಯಬೇಕು. ಗುರುದತ್ತರ ತಂಗಿ ಲಲಿತಾ ಲಾಜ್ಮಿ ಚಿತ್ರಕಲಾವಿದೆ. ಶಾಲೆಯಲ್ಲಿ ಕಲೆ ಕಲಿಸಿ ಮನೆ ನಡೆಸುತ್ತಾ ತಮ್ಮ ಕಲೆಯನ್ನು ಉಳಿಸಿಕೊಂಡವರು. ಅವರ ಮಗಳು ಕಲ್ಪನಾ ಲಾಜ್ಮಿ ಮನಶ್ಶಾಸ್ತ್ರ ಓದಿ, ಶ್ಯಾಮ್ ಬೆನಗಲ್ ಅವರ ಸಹಾಯಕಿಯಾಗಿ ಕಲಿತು 1993ರಲ್ಲಿ 'ರುದಾಲಿ' ಮಾಡಿದರು. ನಾನು ಇಲ್ಲಿಯವರೆಗೆ ಹೇಳಿದ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಎಷ್ಟು ಕಡಿಮೆ ಎಂದು ನೀವು ಗಮನಿಸಿರಬಹುದು. ಪ್ರತಿಭೆಯ ಕೊರತೆಯಿಂದ ಹೀಗಾಯಿತು ಎನ್ನಲಾರೆ. ಕುಂದಾಪುರದ ವೈದೇಹಿಯವರ ಕಥೆಯನ್ನು ಓದಿದವರು ಹಾಗೆ ಹೇಳಲು ಸಾಧ್ಯವೇ ಇಲ್ಲ. ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2008ರಲ್ಲಿ 'ಗುಲಾಬಿ ಟಾಕೀಸ್' ಮಾಡಿದರು. ನಮ್ಮ ಕರಾವಳಿಯ ಹೆಂಗಸೊಬ್ಬಳ ಸಿನಿಮಾ ಹುಚ್ಚು ತೆರೆಗೆ ಬಂತು, ಆ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಗಂಡುಮಕ್ಕಳು ಹೇಳದೆ ಕೇಳದೆ ಮನೆ ಬಿಟ್ಟು ಹೋಗಿ ಏನಾದರೂ ಆಗಿ ಮರಳಬಹುದಿತ್ತು. ಬಂಟ್ವಾಳದ ಮಂಚಿಯ ಬಿ. ವಿ. ಕಾರಂತರು ಹಾಗೆ ಓಡಿಹೋಗಿ ಗುಬ್ಬಿ ನಾಟಕ ಕಂಪೆನಿ ಸೇರಿದರು. ಗುಬ್ಬಿ ವೀರಣ್ಣನವರು ಅವರನ್ನು ಓದಲು ಕಾಶಿಗೆ ಕಳಿಸಿದರು. ಓಡಿಹೋದ ಹುಡುಗಿಗೆ ಅಂಥ ವೀರಣ್ಣ ಸಿಗುತ್ತಿದ್ದರೇ? ಹುಡುಗರ ಸುತ್ತುದಾರಿಯನ್ನು ಸಾಹಸ ಎಂದ ಸಮಾಜ ಹುಡುಗಿಯರ ಸುತ್ತುದಾರಿಗೆ ಬೇರೆ ಹೆಸರು ಕೊಟ್ಟಿತು. ಇದು ಈಗಲೂ ಪೂರ್ತಿ ಬದಲಾಗಿಲ್ಲ.

ಈಗ ಕೋಟದ ಕಡೆ ಬರೋಣ. ಶಿವರಾಮ ಕಾರಂತರನ್ನು ನಾವು ಕಾದಂಬರಿಕಾರರೆಂದೇ ನೆನೆಯುತ್ತೇವೆ. ಅವರು ಮೂಕಿಯ ಕಾಲದಲ್ಲೇ 'ಡೊಮಿಂಗೊ', 'ಭೂತರಾಜ್ಯ' ಎಂಬ ಚಿತ್ರಗಳನ್ನು ಮಾಡಿದ್ದರು; ಮೊದಲನೆಯದರ ವಸ್ತು ಅಸ್ಪೃಶ್ಯತೆ. 1933ರಲ್ಲಿ 'ಚೋಮನ ದುಡಿ' ಬರೆದರು. 1975ರಲ್ಲಿ ಅದನ್ನು ಸಿನಿಮಾ ಮಾಡಿದವರು ಬಿ. ವಿ. ಕಾರಂತರು, ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. ತಮ್ಮ ಎಪ್ಪತ್ತೈದರ ಆಸುಪಾಸಿನಲ್ಲಿ ಶಿವರಾಮ ಕಾರಂತರು ಮತ್ತೆ ಕ್ಯಾಮೆರಾ ಹಿಂದೆ ನಿಂತು 'ಮಲೆಯ ಮಕ್ಕಳು' ನಿರ್ದೇಶಿಸಿದರು.

ಶಿವರಾಮ ಕಾರಂತರನ್ನು ನೆನೆದಾಗಲೆಲ್ಲ ನನಗೆ, ಅವರಂತೆಯೇ ಕಾದಂಬರಿಯನ್ನೂ ಸಿನಿಮಾವನ್ನೂ ಕೈಗೆತ್ತಿಕೊಂಡ ಸೆನೆಗಲ್ ದೇಶದ ಉಸ್ಮಾನ್ ಸೆಂಬೆನ್ ನೆನಪಾಗುತ್ತಾರೆ. ಅವರು ಮೀನುಗಾರನ ಮಗ. ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಹಡಗಿನಿಂದ ಮೂಟೆ ಇಳಿಸುವ ಕೂಲಿಯಾಗಿದ್ದರು. ಅಲ್ಲಿ ಓದು ಬರಹ ಬೆಳೆಸಿಕೊಂಡು ಫ್ರೆಂಚಿನಲ್ಲಿ ಕಾದಂಬರಿ ಬರೆದರು, ಹೆಸರೂ ಬಂತು. ಆದರೆ ತಾವು ಯಾರ ಬಗ್ಗೆ ಬರೆದರೋ ಆ ಜನ ಅದನ್ನು ಓದಲಾರರು ಎಂಬುದು ಅವರನ್ನು ಕಾಡಿತು. ನಲವತ್ತರ ಹತ್ತಿರ ಬಂದ ಮೇಲೆ ಮಾಸ್ಕೋಗೆ ಹೋಗಿ ಸಿನಿಮಾ ಕಲಿತರು. 1968ರ 'ಮಂಡಾಬಿ'ಯಲ್ಲಿ ತಮ್ಮ ಜನರ ವೊಲೋಫ್ ಭಾಷೆಯನ್ನೇ ಬಳಸಿದರು. ಒಂದು ಕಾಲದಲ್ಲಿ ಅರಬರೂ ಪೋರ್ಚುಗೀಸರೂ ಅಕ್ಕಿಗಾಗಿ ಬರುತ್ತಿದ್ದ, 1665ರಲ್ಲಿ ಶಿವಾಜಿಯ ಹಡಗುಗಳು ಬಂದು ದೋಚಿದ ಈ ಬಂದರಿನ ಊರಿಗೆ ಸೆಂಬೆನ್ ಕಥೆ ಪರಕೀಯವಾಗಲಾರದು.

ಫ್ರಾನ್ಸಿನ ಜ್ಯಾಂ ರೂಷ್ ಅವರದು ಇನ್ನೊಂದು ಬಗೆ. ರಸ್ತೆ, ಸೇತುವೆ ಕಟ್ಟುವ ಎಂಜಿನಿಯರ್ ಆಗಿ 1941ರಲ್ಲಿ ಆಫ್ರಿಕಾದ ನೈಜರ್‌ಗೆ ಹೋದರು. ಕಾಮಗಾರಿಯ ಜಾಗದಲ್ಲಿ ಸಿಡಿಲು ಬಡಿದು ಕೆಲಸಗಾರರು ಸತ್ತಾಗ ಊರಿನವರು ನಡೆಸಿದ ಆವೇಶದ ಆಚರಣೆಯನ್ನು ಕಂಡರು. ಆ ಆಚರಣೆಯ ಬೆನ್ನು ಹತ್ತಿದ ಎಂಜಿನಿಯರು ಮಾನವಶಾಸ್ತ್ರಜ್ಞರಾದರು, ಚಿತ್ರ ನಿರ್ದೇಶಕರಾದರು, ಜನಾಂಗೀಯ ಅಧ್ಯಯನದ ಸಿನಿಮಾಕ್ಕೆ ದಾರಿ ಹಾಕಿಕೊಟ್ಟರು. ದೈವದ ಕೋಲ, ನಾಗಮಂಡಲ ನೋಡುತ್ತಾ ಬೆಳೆದ ನಮ್ಮ ಮಕ್ಕಳಿಗೆ ರೂಷ್ ಅವರ ಚಿತ್ರಗಳನ್ನು ತೋರಿಸಬೇಕು. ಹೊರಗಿನವನೊಬ್ಬ ಆವೇಶವನ್ನು ಹೇಗೆ ಚಿತ್ರಿಸಿದ, ಒಳಗಿನವರಾದ ನಾವು ಹೇಗೆ ಚಿತ್ರಿಸುತ್ತೇವೆ ಎಂಬ ಚರ್ಚೆ ಇಲ್ಲೇ ನಡೆಯಬೇಕು. 2022ರಲ್ಲಿ ರಿಷಬ್ ಶೆಟ್ಟಿಯವರ 'ಕಾಂತಾರ' ಬಂದಾಗ ಅಂಥ ಚರ್ಚೆಗೆ ಅವಕಾಶವಿತ್ತು. ಹೊಗಳಿಕೆ, ತೆಗಳಿಕೆಯ ಗದ್ದಲದಲ್ಲಿ ಅದು ನಡೆಯಲಿಲ್ಲ ಎಂಬ ಬೇಸರ ನನಗಿದೆ. ರಿಷಬ್ ಶೆಟ್ಟಿಯವರು ಬಾಲ್ಯದಲ್ಲಿ ಯಕ್ಷಗಾನದ ವೇಷ ಕಟ್ಟಿದವರು, ನೀರಿನ ಕ್ಯಾನ್ ಮಾರಿ, ಹೋಟೆಲ್ ನಡೆಸಿ ನೋಡಿದವರು, ಬೆಂಗಳೂರಿನ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಡಿಪ್ಲೊಮಾ ಮಾಡಿದವರು. ಕೊನೆಗೆ ತಮ್ಮ ಕೆರಾಡಿಯಲ್ಲೇ ಸೆಟ್ ಹಾಕಿದರು.

ರವಿ ಬಸ್ರೂರರ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕುಲುಮೆಯ ಕೆಲಸದ ಮನೆತನ. ಹುಟ್ಟು ಹೆಸರು ಕಿರಣ್. ಬೆಂಗಳೂರಿಗೆ ಹೋಗಿ ಕಷ್ಟಪಡುತ್ತಿದ್ದಾಗ ಕೀಬೋರ್ಡ್ ಕೊಳ್ಳಲು ಒಬ್ಬರು ಹಣ ಕೊಟ್ಟರು. ಅವರ ಹೆಸರು ರವಿ. ಆ ಋಣಕ್ಕೆ ಕಿರಣ್ ತಮ್ಮ ಹೆಸರನ್ನೇ ರವಿ ಎಂದು ಬದಲಿಸಿಕೊಂಡು, ಪಕ್ಕದಲ್ಲಿ ಊರಿನ ಹೆಸರು ಸೇರಿಸಿಕೊಂಡರು. ಇದನ್ನು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. 2014ರ 'ಉಗ್ರಂ', 2018 ಮತ್ತು 2022ರ 'ಕೆಜಿಎಫ್' ಭಾಗಗಳು, ಹೀಗೆ ಪ್ರತಿ ಚಿತ್ರದ ಹೆಸರುಪಟ್ಟಿಯಲ್ಲೂ ಆ ದಾನಿಯ ಹೆಸರು, ಈ ಊರಿನ ಹೆಸರು ಒಟ್ಟಿಗೆ ಬರುತ್ತವೆ. ನಾನು ಕೇಳಿರುವ ಕೃತಜ್ಞತೆಯ ಕಥೆಗಳಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ದೊಡ್ಡ ಚಿತ್ರಗಳ ನಡುವೆ 'ಗರ್ ಗರ್ ಮಂಡ್ಲ', 'ಬಿಲಿಂಡರ್' ಎಂಬ ಚಿತ್ರಗಳನ್ನು ಕುಂದಾಪ್ರ ಕನ್ನಡದಲ್ಲಿ ಅವರೇ ನಿರ್ದೇಶಿಸಿದರು. 'ಗಿರ್ಮಿಟ್'ನಲ್ಲಿ ದೊಡ್ಡವರ ಪಾತ್ರಗಳನ್ನೆಲ್ಲ ಮಕ್ಕಳಿಂದ ಮಾಡಿಸಿದರು. ಬಸ್ರೂರಿನಲ್ಲೇ ಸ್ಟುಡಿಯೋ ಕಟ್ಟಿದರು.

ಕುಂದಾಪ್ರ ಕನ್ನಡದ ಚಿತ್ರ ಯಾಕೆ ಮುಖ್ಯ ಎಂದು ತಿಳಿಯಲು ಎಂ. ಕೆ. ರಾಘವೇಂದ್ರ ಅವರ ಬರಹ ನೆರವಾಗುತ್ತದೆ. ಎರಡು ದಶಕ ಹಣಕಾಸು ಕ್ಷೇತ್ರದಲ್ಲಿ ದುಡಿಯುತ್ತಲೇ ಸಿನಿಮಾ ಅಧ್ಯಯನ ಮಾಡಿ, ಶ್ರೇಷ್ಠ ಚಿತ್ರವಿಮರ್ಶಕರೆಂದು ರಾಷ್ಟ್ರಪ್ರಶಸ್ತಿ ಪಡೆದವರು ಅವರು. ಕನ್ನಡ ಸಿನಿಮಾ ಮಾತಾಡಿದ್ದು ಮುಖ್ಯವಾಗಿ ಹಳೆಯ ಮೈಸೂರು ಸಂಸ್ಥಾನದ ಪ್ರಜೆಗಳೊಂದಿಗೆ ಎಂಬುದು 2011ರ ಅವರ ಪುಸ್ತಕದ ವಾದ. ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಕರಾವಳಿ ಆ ಲೆಕ್ಕದಲ್ಲಿ ಹೊರಗಿನದು. ಕೋಟೇಶ್ವರದ ಕಾಶೀನಾಥರು 1978ರಲ್ಲಿ 'ಅಪರಿಚಿತ' ಮಾಡಿ, ಉಪೇಂದ್ರರಂಥವರನ್ನು ತಮ್ಮ ಬಳಿ ಇಟ್ಟುಕೊಂಡು ಬೆಳೆಸಿದರೂ, ಅವರ ಚಿತ್ರಗಳ ಮಾತು ಬಹುಮಟ್ಟಿಗೆ ಬೆಂಗಳೂರಿನದೇ. ಈಗ ಮಾತ್ರ ಈ ನೆಲದ ನುಡಿ ತೆರೆಗೆ ಬಂದಿದೆ. ಇದನ್ನು ನಾನು ಬೆಳವಣಿಗೆಯೆಂದೇ ತಿಳಿಯುತ್ತೇನೆ.

ಸಿನಿಮಾ ವಿದ್ವಾಂಸರ ದಾರಿಯೂ ನೇರವಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರರಸಗ್ರಹಣ ಕಲಿಸಿದ ಸತೀಶ್ ಬಹಾದುರ್ ಮೊದಲು ಆಗ್ರಾದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರು. ಅಲ್ಲಿ ಫಿಲ್ಮ್ ಸೊಸೈಟಿ ನಡೆಸುತ್ತಾ ಈ ಕಡೆ ಬಂದರು. ಫ್ರಾನ್ಸಿನ ಆಂದ್ರೆ ಬಜಾ಼ನ್ ಉಗ್ಗಿನ ಕಾರಣಕ್ಕೆ ಅಧ್ಯಾಪಕರಾಗಲಾರದೆ, ಕಾರ್ಖಾನೆಗಳಲ್ಲಿ ಕಾರ್ಮಿಕರಿಗೆ ಸಿನಿಮಾ ತೋರಿಸಿ ಮಾತಾಡುತ್ತಿದ್ದರು. ಪೋಲಿ ಬಿದ್ದು ಅಲೆಯುತ್ತಿದ್ದ ತ್ರುಫೋ ಎಂಬ ಹುಡುಗನಿಗೆ ಅವರು ಮನೆಯಲ್ಲಿ ಆಶ್ರಯ ಕೊಟ್ಟರು, ಬರೆಯಲು ಹಚ್ಚಿದರು. 1959ರಲ್ಲಿ ಆ ಹುಡುಗ ತನ್ನ ಮೊದಲ ಕಥಾಚಿತ್ರವನ್ನು ಬಜಾ಼ನ್ ನೆನಪಿಗೆ ಅರ್ಪಿಸಿದ. ಗುರು ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

ನಮಗೆ ಹತ್ತಿರದ ಮಾದರಿ ಘಟ್ಟದ ಮೇಲಿದೆ. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದವರು, ಕೂಲಿಯವರು ಕೂತು 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್', 'ರಾಶೊಮೊನ್' ನೋಡಿದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಿಂದ ಪಿ. ಕೆ. ನಾಯರ್ ರೀಲುಗಳನ್ನು ಕಳಿಸಿಕೊಟ್ಟರು, ಬಹಾದುರ್ ಬಂದು ಪಾಠ ಮಾಡಿದರು. ದಶಕಗಳ ಮೇಲೂ ಆ ಊರಿನವರು ಆ ಚಿತ್ರಗಳ ಬಗ್ಗೆ ಖಚಿತವಾಗಿ ಮಾತಾಡುವುದನ್ನು ನಾಯರ್ ಕುರಿತ 2012ರ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ಚಿತ್ರಮಂದಿರವೇ ಇಲ್ಲದ ಹಳ್ಳಿಯಲ್ಲಿ ಇದು ನಡೆದದ್ದು. ಇನ್ನು ನಮ್ಮ ಕಡೆ ನೋಡಿ: ಮಣಿಪಾಲದಲ್ಲಿ ಫಾರ್ಮಸಿ ಓದಿದ ಕಾಸರವಳ್ಳಿಯವರು ಪುಣೆಗೆ ಹೋಗಿ ಬಂದು ಮಾಡಿದ 'ಘಟಶ್ರಾದ್ಧ' 2024ರಲ್ಲಿ ಜೀರ್ಣೋದ್ಧಾರಗೊಂಡು ವೆನಿಸ್‌ನಲ್ಲಿ ಪ್ರದರ್ಶನ ಕಂಡಿತು. ಅಂಥ ಚಿತ್ರವನ್ನು ವೆನಿಸ್‌ನವರು ನೋಡುವಾಗ ಬಸ್ರೂರಿನ, ಕುಂದಾಪುರದ ಎಷ್ಟು ವಿದ್ಯಾರ್ಥಿಗಳು ನೋಡಿದ್ದಾರೆ ಎಂದು ನಾವು ಕೇಳಿಕೊಳ್ಳಬೇಕು.

ಆದ್ದರಿಂದ ಈ ಸಭೆಯ ಮುಂದೆ ನನ್ನ ಕೋರಿಕೆ ಇಷ್ಟು. ದತ್ತಿ ಉಪನ್ಯಾಸ ನಡೆಯಲಿ. ಅದರ ಜೊತೆಗೆ ತಿಂಗಳಿಗೊಮ್ಮೆ ಇಲ್ಲಿ ಒಂದು ಒಳ್ಳೆಯ ಚಿತ್ರ ತೋರಿಸಿ, ನೋಡಿದವರು ಅರ್ಧ ಗಂಟೆ ಕೂತು ಮಾತಾಡುವ ಏರ್ಪಾಟು ಆಗಲಿ. ಈ ಮೂರು ತಾಲೂಕುಗಳ ಒಬ್ಬ ಹುಡುಗಿಗೋ ಹುಡುಗನಿಗೋ ವರ್ಷಕ್ಕೆ ಒಂದು ವಿದ್ಯಾರ್ಥಿವೇತನ ಇಡಿ. ಮೊದಲ ವರ್ಷ ಹುಡುಗಿಗೇ ಕೊಡಿ. ಒಬ್ಬರೇ ಅಷ್ಟು ಕೊಡಲಾರದಿದ್ದರೆ ಸೊಸೈಟಿಯ ಸದಸ್ಯರು, ಮುಂಬಯಿ, ಬೆಂಗಳೂರಿನಲ್ಲಿ ಹೋಟೆಲ್ ನಡೆಸುವ ಊರಿನವರು ಸೇರಿ ಕೊಡಿ. ಅವರು ಇಂಥ ಚಿತ್ರವನ್ನೇ ಮಾಡಬೇಕು, ಇಂತಿಷ್ಟು ವರ್ಷದಲ್ಲಿ ಹೆಸರು ಮಾಡಬೇಕು ಎಂಬ ಷರತ್ತು ಬೇಡ. ಮುಂದಿನ ವರ್ಷ ಈ ವೇದಿಕೆಗೆ ಬರುವವರ ಮುಂದೆ ಆ ಮೊದಲ ವಿದ್ಯಾರ್ಥಿನಿಯನ್ನು ಕೂರಿಸಿ ಎಂದು ಬಸ್ರೂರಿನವರಲ್ಲಿ ಕೇಳಿಕೊಳ್ಳುತ್ತೇನೆ.